ಹತ್ತು ಗೋಲು ತಿಂದ ಮೇಷ್ಟ್ರು

2025ರ ನವೆಂಬರ್ 18ರಂದು ಢಾಕಾ ನಗರದಲ್ಲಿ ಭಾರತದ ಫುಟ್‌ಬಾಲ್ ತಂಡವು ಬಾಂಗ್ಲಾದೇಶಕ್ಕೆ ಒಂದು ಗೋಲಿನಿಂದ ಸೋತಿತು. ಮಾರನೆಯ ದಿನ ಬೆಳಿಗ್ಗೆ ನಾನಿನ್ನೂ ಪತ್ರಿಕೆಯ ಎರಡನೆಯ ಪುಟ ದಾಟಿರಲಿಲ್ಲ, ಹಳೆಯ ವಿದ್ಯಾರ್ಥಿಯೊಬ್ಬನ ಕರೆ ಬಂತು. ಬೆಂಗಳೂರಿನಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದು ನಿವೃತ್ತನಾದವನು. ಆದರೂ ಫುಟ್‌ಬಾಲ್ ವಿಷಯ ಬಂದರೆ ಹತ್ತನೆಯ ತರಗತಿಯ ಹುಡುಗನಾಗಿಬಿಡುತ್ತಾನೆ. "ಸಾರ್, ಈ ಕೋಚನ್ನು ತೆಗೆಯಬೇಕೋ ಬೇಡವೋ, ನೀವೇ ಹೇಳಿ" ಎಂದ. ನಾನು ಇತಿಹಾಸದ ಮೇಷ್ಟ್ರು, ಕೋಚುಗಳ ವಿಷಯ ನನಗೇನಪ್ಪ ತಿಳಿಯುತ್ತದೆ ಎಂದು ನಕ್ಕು ತಪ್ಪಿಸಿಕೊಳ್ಳಲು ನೋಡಿದೆ. ಅವನು ಬಿಡಲಿಲ್ಲ. "ಇತಿಹಾಸದಲ್ಲಿ ಇಲ್ಲದ್ದು ಏನಿದೆ ಅಂತ ಪಾಠ ಮಾಡುತ್ತಿದ್ದವರು ನೀವೇ ಅಲ್ಲವೇ?" ಎಂದು ನನ್ನ ಮಾತನ್ನು ನನಗೇ ಹಿಂದಿರುಗಿಸಿದ. ಯೋಚಿಸಿ ಬರೆಯುತ್ತೇನೆ ಎಂದು ಹೇಳಿ ಫೋನಿಟ್ಟೆ. ಆ ಮಾತು ಉಳಿಸಿಕೊಳ್ಳಲು ಈ ಬರಹ.

ಮೊದಲು ಅವನ ಪ್ರಶ್ನೆಯ ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ನಮ್ಮ ಬಂಧುಗಳಲ್ಲಿ ಕ್ರಿಕೆಟ್ಟಲ್ಲದೆ ಬೇರೆ ಆಟವನ್ನು ನೋಡದವರೇ ಹೆಚ್ಚು. 2024ರ ಜೂನ್ ತಿಂಗಳಲ್ಲಿ ಭಾರತವು ವಿಶ್ವಕಪ್ ಅರ್ಹತಾ ಸುತ್ತಿನಿಂದ ಹೊರಬಿದ್ದಾಗ ಕ್ರೊವೇಷಿಯದ ಇಗೊರ್ ಸ್ಟಿಮಾಚ್ ಅವರನ್ನು ತರಬೇತುದಾರನ ಸ್ಥಾನದಿಂದ ತೆಗೆಯಲಾಯಿತು. ಜುಲೈನಲ್ಲಿ ಸ್ಪೇನಿನ ಮನೋಲೋ ಮಾರ್ಕೇಸ್ ಬಂದರು. ಅವರು ಅದೇ ಕಾಲಕ್ಕೆ ಗೋವಾದ ಕ್ಲಬ್ಬಿಗೂ ತರಬೇತುದಾರರು. ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ. ಎಂಟು ಪಂದ್ಯಗಳಲ್ಲಿ ಒಂದೇ ಗೆಲುವು ಕಂಡು ಒಂದು ವರ್ಷದಲ್ಲಿ ಹೊರಟುಹೋದರು. 2025ರ ಆಗಸ್ಟಿನಲ್ಲಿ ನಮ್ಮವರೇ ಆದ ಖಾಲಿದ್ ಜಮೀಲ್ ಬಂದರು. ಮಧ್ಯ ಏಷ್ಯಾದ ಪಂದ್ಯಾವಳಿಯೊಂದರಲ್ಲಿ ಒಮಾನನ್ನು ಮಣಿಸಿ ಮೂರನೆಯ ಸ್ಥಾನ ಗಳಿಸಿದಾಗ ಎಲ್ಲರೂ ಹೊಗಳಿದರು; ಅಕ್ಟೋಬರಿನಲ್ಲಿ ಸಿಂಗಪುರಕ್ಕೆ ಸೋತು 2027ರ ಏಷ್ಯಾ ಕಪ್ಪಿನ ಬಾಗಿಲು ಮುಚ್ಚಿದಾಗ ಅದೇ ಬಾಯಿಗಳು ಬೇರೆ ಮಾತನಾಡಿದವು. ಹದಿನಾಲ್ಕು ತಿಂಗಳ ಅಂತರದಲ್ಲಿ ಮೂವರು ತರಬೇತುದಾರರು. ಒಂದು ಶಾಲೆಯಲ್ಲಿ ಹದಿನಾಲ್ಕು ತಿಂಗಳಿಗೆ ಮೂವರು ಗಣಿತದ ಮೇಷ್ಟ್ರು ಬದಲಾದರೆ ಮಕ್ಕಳ ಗತಿ ಏನಾಗುತ್ತದೆಂದು ನಿಮಗೆ ವಿವರಿಸಬೇಕಾಗಿಲ್ಲ.

ಆದರೆ ನನ್ನ ಮನಸ್ಸು ಈ ಮೂವರ ಕಡೆಗೆ ಹೋಗಲಿಲ್ಲ. 1952ರ ಹೆಲ್ಸಿಂಕಿಗೆ ಹೋಯಿತು. ಸೋತ ತಂಡದ ಗುರುವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ನಮ್ಮ ದೇಶದ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ನಿದರ್ಶನವನ್ನು ನಾನು ಕಾಣೆ.

ಆ ಗುರುವಿನ ಹೆಸರು ಸಯ್ಯದ್ ಅಬ್ದುಲ್ ರಹೀಮ್. ಹೈದರಾಬಾದಿನವರು, 1909ರ ಆಗಸ್ಟ್ 17ರಂದು ಜನಿಸಿದವರು, ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು. ವೃತ್ತಿಯಿಂದ ಶಾಲಾ ಶಿಕ್ಷಕರು! ಕಾಚಿಗೂಡ, ಚಾದರ್‌ಘಾಟ್ ಮುಂತಾದ ಕಡೆಯ ಶಾಲೆಗಳಲ್ಲಿ ಪಾಠ ಹೇಳುತ್ತಲೇ ಸಂಜೆ ಮೈದಾನಕ್ಕೆ ಇಳಿಯುತ್ತಿದ್ದವರು. ಈ ಸಂಗತಿ ತಿಳಿದ ದಿನದಿಂದ ಅವರ ಮೇಲೆ ನನಗೊಂದು ಕುಲಬಾಂಧವ್ಯದ ಪ್ರೀತಿ. ಪಕ್ಷಪಾತವೆಂದು ಓದುಗರು ಅಂದುಕೊಂಡರೂ ಅಡ್ಡಿಯಿಲ್ಲ. 1943ರಿಂದ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರು. ಹೈದರಾಬಾದ್ ನಗರ ಪೊಲೀಸ್ ತಂಡವನ್ನು ತಿದ್ದಿ 1950ರಿಂದ 1954ರವರೆಗೆ ಐದು ವರ್ಷ ಸತತವಾಗಿ ಮುಂಬಯಿಯ ರೋವರ್ಸ್ ಕಪ್ ಗೆಲ್ಲಿಸಿದರು. ಜನ ಅವರನ್ನು ಕರೆಯುತ್ತಿದ್ದುದು ರಹೀಮ್ ಸಾಹೇಬ್ ಎಂದು.

ಅವರ ಪಾಠಕ್ರಮ ಮೇಷ್ಟ್ರ ಪಾಠಕ್ರಮವೇ. ಬಲಗಾಲಿನ ಹುಡುಗರು ಎಡಗಾಲಿನಲ್ಲಿ ಮಾತ್ರ ಒದೆಯಬೇಕು, ಎಡಗಾಲಿನವರು ಬಲಗಾಲಿನಲ್ಲಿ ಎಂದು ನಿಯಮವಿಟ್ಟು ಪಂದ್ಯಾವಳಿಗಳನ್ನೇ ನಡೆಸುತ್ತಿದ್ದರಂತೆ. ಚೆಂಡನ್ನು ತಾನೇ ಇಟ್ಟುಕೊಂಡು ಓಡುವುದು ನಿಷಿದ್ಧ, ಬಂದ ಚೆಂಡನ್ನು ಜೊತೆಗಾರನಿಗೆ ದಾಟಿಸಲೇಬೇಕು ಎಂಬ ನಿಯಮದ ಪಂದ್ಯಾವಳಿಯೂ ಇತ್ತು. ಸಂಧಿ ಬಾರದವನಿಗೆ ಸಂಧಿಯನ್ನೇ ಬರೆಸುವುದು, ಗುಣಾಕಾರ ಬಾರದವನಿಗೆ ಗುಣಾಕಾರವನ್ನೇ ಮಾಡಿಸುವುದು ನಮ್ಮ ಕಸುಬು. ಮಗುವಿಗೆ ಈಗಾಗಲೇ ಬರುವುದನ್ನೇ ಮತ್ತೆ ಮತ್ತೆ ಮಾಡಿಸಿ ಶಭಾಷ್ ಎನ್ನುವುದು ಸುಲಭ. ರಹೀಮರು ಆ ಸುಲಭದ ಹಾದಿ ಹಿಡಿಯಲಿಲ್ಲ. ಸಿಕಂದರಾಬಾದಿನ ಬಡ ಹುಡುಗ ತುಳಸೀದಾಸ್ ಬಲರಾಂ ಅಷ್ಟು ದೂರದಿಂದ ಅಭ್ಯಾಸಕ್ಕೆ ಬರಲಾರೆನೆಂದಾಗ ಸೈಕಲಿನ ಏರ್ಪಾಡು ಮಾಡಿ ಕರೆಸಿಕೊಂಡರು. ಆ ಬಲರಾಂ ಮುಂದೆ ಎರಡು ಒಲಿಂಪಿಕ್ಸ್ ಕಂಡರು.

1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ, ಪ್ರಧಾನಿ ನೆಹರೂ ಅವರ ಸಮ್ಮುಖದಲ್ಲಿ, ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಭಾರತವು ಇರಾನನ್ನು ಸೋಲಿಸಿ ಚಿನ್ನ ಗೆದ್ದಿತು. ತರಬೇತುದಾರ ರಹೀಮ್. ಹದಿನಾರು ತಿಂಗಳ ಅನಂತರ, 1952ರ ಜುಲೈ 15ರಂದು, ಹೆಲ್ಸಿಂಕಿ ಒಲಿಂಪಿಕ್ಸಿನ ಮೊದಲ ಪಂದ್ಯದಲ್ಲಿ ಅದೇ ಗುರುವಿನ ತಂಡ ಯುಗೊಸ್ಲಾವಿಯದ ಎದುರು ಹತ್ತು ಗೋಲು ತಿಂದು ಒಂದನ್ನು ಹೊಡೆಯಿತು. ವಿರಾಮದ ಹೊತ್ತಿಗೇ ಐದು. ಬ್ರಾಂಕೊ ಜೆಬೆಕ್ ಒಬ್ಬನೇ ನಾಲ್ಕು ಹೊಡೆದ. ಆಟ ಮುಗಿಯಲು ಇನ್ನೇನು ಕ್ಷಣಗಳಿವೆ ಎನ್ನುವಾಗ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಒಂದು ಗೋಲು ತೀರಿಸಿದರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ 'ಪಂಚಪಾಂಡವ'ರೆಂದು ಹೆಸರಾದ ಐವರು ಮುಂಪಂಕ್ತಿಯ ಆಟಗಾರರಲ್ಲಿ ಒಬ್ಬರಾದ ಅಹ್ಮದ್ ಖಾನ್ ಇವರೇ. ಆ ದಿನ ನಮ್ಮ ಮಾನ ಕಾಯ್ದದ್ದು ಒಬ್ಬ ಬೆಂಗಳೂರಿಗನೆಂದು ಹೇಳಿಕೊಳ್ಳುವುದಕ್ಕೆ ಸಂಕೋಚವೇನೂ ಇಲ್ಲ, ಹತ್ತಕ್ಕೆ ಒಂದು ಎಂಬ ಲೆಕ್ಕ ಮಾತ್ರ ಲೆಕ್ಕವೇ.

ಈಗ ಕಲ್ಪಿಸಿಕೊಳ್ಳಿ. ಅಂದು ಇಂದಿನ ಹಾಗೆ ಇಪ್ಪತ್ತನಾಲ್ಕು ತಾಸಿನ ವಾಹಿನಿಗಳೂ ಅಂಗೈಯಲ್ಲಿನ ಫೋನುಗಳೂ ಇದ್ದಿದ್ದರೆ ಆ ರಾತ್ರಿಯೇ ರಹೀಮರ ಸಾಮಾನು ಸರಂಜಾಮು ಬೀದಿಗೆ ಬೀಳುತ್ತಿತ್ತು. ಹತ್ತು ಗೋಲಿನ ಮುಂದೆ ಸಮಜಾಯಿಷಿಗೆ ಸ್ಥಳವೆಲ್ಲಿ? 'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂದು ಎಲ್ಲರೂ ಗೇಲಿ ಮಾಡುತ್ತಿದ್ದರು.

ಆದರೆ ನೆಲ ನಿಜವಾಗಿಯೂ ಡೊಂಕಿರುವ ಸಂದರ್ಭಗಳೂ ಇವೆ. ಹೆಲ್ಸಿಂಕಿಯ ಸೋಲಿಗೆ ಕಾರಣಗಳನ್ನು ಒಂದೊಂದಾಗಿ ನೋಡಬೇಕು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದರು, ಅದೂ ಆ ಉತ್ತರ ದೇಶದ ಚಳಿಯಲ್ಲಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬರಿಗಾಲಿನಲ್ಲೇ ಫ್ರಾನ್ಸಿನ ಎದುರು 1-2ರಿಂದ ಸೋತಾಗ ಲೋಕವೆಲ್ಲ ಬೆರಗಾಗಿ ಹೊಗಳಿತ್ತು. ಎರಡು ಪೆನಾಲ್ಟಿಗಳನ್ನು ಕೈಬಿಟ್ಟೂ ಅಷ್ಟು ಹತ್ತಿರ ಬಂದಿದ್ದೆವು. ಅಂದಿನ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಆ ಹೊಗಳಿಕೆಯೇ ಕೇಡಾಯಿತೆಂದು ನನಗೆ ತೋರುತ್ತದೆ. ಬರಿಗಾಲು ನಮ್ಮ ಬಡತನವಲ್ಲ, ನಮ್ಮ ಹೆಗ್ಗಳಿಕೆ ಎಂದು ನಾವೇ ನಂಬಿಬಿಟ್ಟೆವು. ಎರಡನೆಯದಾಗಿ, ನಮ್ಮ ದೇಶದ ಪಂದ್ಯಗಳು ಆಗ ತೊಂಬತ್ತು ನಿಮಿಷ ನಡೆಯುತ್ತಿರಲಿಲ್ಲ, ಎಪ್ಪತ್ತು ನಿಮಿಷಕ್ಕೇ ಮುಗಿಯುತ್ತಿದ್ದವು. ಎಪ್ಪತ್ತು ನಿಮಿಷದ ಉಸಿರು ಕಟ್ಟಿಕೊಂಡವನಿಗೆ ಕೊನೆಯ ಇಪ್ಪತ್ತು ನಿಮಿಷ ಬೆಟ್ಟ. ಮೂರನೆಯದಾಗಿ, ನಾವು ಇಬ್ಬರು ಬ್ಯಾಕ್, ಮೂವರು ಹಾಫ್‌ಬ್ಯಾಕ್, ಐವರು ಫಾರ್ವರ್ಡುಗಳನ್ನು ನಿಲ್ಲಿಸುವ ಹಳೆಯ ಕ್ರಮದಲ್ಲಿ ಆಡುತ್ತಿದ್ದೆವು. ಯುರೋಪು ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಎದುರಾಳಿಯೂ ಸಾಮಾನ್ಯನಲ್ಲ. ಯುಗೊಸ್ಲಾವಿಯ ಆ ಒಲಿಂಪಿಕ್ಸಿನಲ್ಲಿ ಅಂತಿಮ ಪಂದ್ಯದವರೆಗೂ ಹೋಗಿ ಹಂಗೆರಿಗೆ ಮಾತ್ರ ಮಣಿಯಿತು.

ಈ ಮೂರರಲ್ಲಿ ರಹೀಮರ ಹೊಣೆ ಎಷ್ಟು? ಪಂದ್ಯದ ಅವಧಿ ಅವರ ಕೈಯಲ್ಲಿರಲಿಲ್ಲ. ಬೂಟಿನ ಅಭ್ಯಾಸ ಎಳೆತನದಿಂದ ಬರಬೇಕಾದದ್ದು, ಪ್ರವಾಸಕ್ಕೆ ಮುಂಚೆ ಕೆಲವು ವಾರ ಕೈಗೆ ಸಿಕ್ಕ ಆಟಗಾರರಿಗೆ ಹೊಲಿಸಿ ತೊಡಿಸುವುದಲ್ಲ. ಆದರೆ ಮೈದಾನದಲ್ಲಿ ಹುಡುಗರನ್ನು ನಿಲ್ಲಿಸುವ ಕ್ರಮ ಅವರದೇ. ಅದರಲ್ಲಿ ಅವರು ಹಿಂದೆ ಬಿದ್ದಿದ್ದರು. ಅದನ್ನು ಮುಚ್ಚಿಟ್ಟು ಅವರನ್ನು ಸಂತನನ್ನಾಗಿ ಮಾಡಬಾರದು.

ಇಲ್ಲಿ ನನ್ನ ಒಂದು ತಪ್ಪೊಪ್ಪಿಗೆಯನ್ನು ಸೇರಿಸಬೇಕಾಗಿದೆ. ಬಹಳ ವರ್ಷ ಒಳಗಿಟ್ಟುಕೊಂಡದ್ದು.

1979ರಲ್ಲಿ ನಾನು ಕೋಲಾರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಶಾಲೆಯ ಹೆಸರು ಬೇಡ. ಓದುತ್ತಿರುವ ನಿಮ್ಮಲ್ಲಿ ಕೆಲವರಿಗೆ ಹೇಗೂ ಗೊತ್ತು. ಅಲ್ಲೊಬ್ಬರು ಡ್ರಿಲ್ ಮೇಷ್ಟ್ರಿದ್ದರು, ಮಿತಭಾಷಿ, ಸದಾ ಕುತ್ತಿಗೆಯಲ್ಲೊಂದು ಸೀಟಿ. ಆ ವರ್ಷ ಜಿಲ್ಲಾ ಪಂದ್ಯಾವಳಿಯಲ್ಲಿ ಚಿನ್ನದ ಗಣಿಯ ಕಡೆಯಿಂದ ಬಂದ ಶಾಲಾ ತಂಡದ ಎದುರು ನಮ್ಮ ಹುಡುಗರು ಏಳು ಗೋಲಿನಿಂದ ಸೋತರು. ಗಣಿಯ ಹುಡುಗರ ಕಾಲಲ್ಲಿ ಬೂಟಿತ್ತು. ಅವರಿಗೆ ಫುಟ್‌ಬಾಲ್ ಮನೆಯ ಆಟ. ನಮ್ಮವರದು ಬರಿಗಾಲು. ಇಡೀ ಊರೇ ನೋಡಲು ಬಂದಿದ್ದರಿಂದ ಅವಮಾನ ಹೆಚ್ಚಾಯಿತು. ಮಾರನೆಯ ವಾರ ಶಾಲೆಯ ಆಡಳಿತ ಸಮಿತಿಯವರು ಸೇರಿ, ಆಟದ ಹೊಣೆಯನ್ನು ಆ ಮೇಷ್ಟ್ರಿಂದ ತೆಗೆದು ಹೊಸದಾಗಿ ಬಂದಿದ್ದ ತರುಣ ಅಧ್ಯಾಪಕರೊಬ್ಬರಿಗೆ ಕೊಡಬೇಕೆಂದು ತೀರ್ಮಾನಿಸಿದರು. ನನ್ನ ಅಕ್ಷರ ದುಂಡಗಿತ್ತು, ಭಾಷೆ ಚೆನ್ನಾಗಿತ್ತು. ಆ ಪತ್ರವನ್ನು ಬರೆಯಲು ನನಗೇ ಹೇಳಿದರು. ನಾನು ಬರೆದೆ. "ಶಾಲೆಯ ಹಿತದೃಷ್ಟಿಯಿಂದ" ಎಂಬ ಮಾತನ್ನು ಸೇರಿಸಿದವನು ನಾನೇ. ಸಮಿತಿಯವರು ಹೇಳಿರಲಿಲ್ಲ.

ಆ ಮೇಷ್ಟ್ರು ಪತ್ರವನ್ನು ಓದಿ ಮಡಿಸಿ ಜೇಬಿಗಿಟ್ಟುಕೊಂಡರು. ಸೀಟಿಯನ್ನು ಮೇಜಿನ ಮೇಲಿಟ್ಟರು. ಮರುವರ್ಷವೂ ನಾವು ಸೋತೆವು, ಈ ಸಲ ಐದು ಗೋಲು. ಎರಡು ಗೋಲು ಕಡಿಮೆಯಾಯಿತು ಎಂದು ಸಮಿತಿಯವರಿಗೆ ಸಂತೋಷವಾಯಿತು.

ಕೆಲವು ವರ್ಷಗಳ ಮೇಲೆ ಆಟದ ಸಾಮಾನಿನ ಬೀರುವನ್ನು ಶುಚಿಮಾಡಿಸುವಾಗ ಅವರು ಇಟ್ಟಿದ್ದ ಅಭ್ಯಾಸದ ಹಾಜರಿ ಪುಸ್ತಕ ಸಿಕ್ಕಿತು. ಹುಡುಗರ ಹೆಸರಿನ ಮುಂದೆ 'ಹಾ' ಎಂದರೆ ಹಾಜರು, 'ಗೈ' ಎಂದರೆ ಗೈರುಹಾಜರು. ಅದು ಎಲ್ಲರಿಗೂ ತಿಳಿಯುವಂಥದ್ದು. ಕೆಲವರ ಹೆಸರಿನ ಮುಂದೆ ವಾರಕ್ಕೆ ಎರಡು ಮೂರು ಸಲ 'ಉ' ಎಂದಿತ್ತು. ಬಹಳ ಹೊತ್ತು ಅರ್ಥವಾಗಲಿಲ್ಲ. ಕೊನೆಯ ಪುಟದಲ್ಲಿ ಅವರೇ ಬರೆದುಕೊಂಡಿದ್ದರು: ಉ, ಉಪವಾಸ, ಓಡಿಸಬಾರದು. 1979ರ ತಂಡದ ಹನ್ನೊಂದು ಹುಡುಗರಲ್ಲಿ ನಾಲ್ವರಿಗೆ ಆ ಗುರುತಿತ್ತು. ನಾವು ತೆಗೆದುಹಾಕಿದ್ದು, ತಂಡ ಏಕೆ ಸೋಲುತ್ತಿದೆ ಎಂಬುದನ್ನು ತಿಳಿದಿದ್ದ ಒಬ್ಬನೇ ಮನುಷ್ಯನನ್ನು. ಕೋಪದಲ್ಲಿ ಕೊಯ್ದ ಮೂಗು ಎಂಬ ಗಾದೆಯನ್ನು ಎಷ್ಟೋ ತರಗತಿಗಳಿಗೆ ವಿವರಿಸಿದ್ದ ನನಗೆ ಅದರ ಅರ್ಥ ಆ ಬೀರುವಿನ ಮುಂದೆ ತಿಳಿಯಿತು. ಅವರಾಗಲೇ ವರ್ಗವಾಗಿ ಹೋಗಿದ್ದರು. ಕ್ಷಮೆ ಕೇಳಲು ಹುಡುಕಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ.

ಇರಲಿ. ರಹೀಮರ ಕಥೆಗೆ ಬರೋಣ.

ಹೆಲ್ಸಿಂಕಿಯಾದ ಮೇಲೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಬೂಟನ್ನು ಕಡ್ಡಾಯಗೊಳಿಸಿದ್ದು. ರಹೀಮರನ್ನು ದೂರ ತಳ್ಳಲಿಲ್ಲ. ಪ್ರತಿ ಪ್ರವಾಸಕ್ಕೂ ಅವರೇ ಹೋದರೆಂದಲ್ಲ; ಆ ಕಾಲದಲ್ಲಿ ತರಬೇತುದಾರನೆಂದರೆ ಖಾಯಂ ನೌಕರಿಯಲ್ಲ, ಪಂದ್ಯಾವಳಿಗೊಮ್ಮೆ ಬರುವ ಕರೆ. ನಡುನಡುವೆ ಬೇರೆಯವರೂ ಆ ಕೆಲಸ ಮಾಡಿದರು. ಆದರೆ ದೊಡ್ಡ ಪರೀಕ್ಷೆ ಬಂದಾಗ ಮತ್ತೆ ಅವರನ್ನೇ ಕರೆದರು. ಆ ನಡುವಿನ ವರ್ಷಗಳಲ್ಲಿ ಅವರೇನು ಮಾಡಿದರು ಎಂಬುದೇ ಮುಖ್ಯ. ಹಳೆಯ ಕ್ರಮವನ್ನು ಬಿಟ್ಟರು. ಹಿಂದೆ ಮೂರನೆಯ ಬ್ಯಾಕನ್ನು ನಿಲ್ಲಿಸಿದರು. ಹಂಗೆರಿಯವರು ಸೆಂಟರ್ ಫಾರ್ವರ್ಡನ್ನು ಹಿಂದಕ್ಕೆ ಎಳೆದು ಎದುರಾಳಿಯ ರಕ್ಷಕರನ್ನು ದಿಕ್ಕುಗೆಡಿಸುತ್ತಿದ್ದ ಉಪಾಯವನ್ನು ನಮ್ಮ ಹುಡುಗರ ಮೇಲೆ ಪ್ರಯೋಗಿಸಿದರು. ಈ ಹಂಗೆರಿಯವರೇ 1953ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡಿಗೆ 6-3ರ ಪಾಠ ಕಲಿಸಿದವರು; ಆಟವನ್ನು ಹುಟ್ಟುಹಾಕಿದ ದೇಶವೇ ಬೆಚ್ಚಿಬಿದ್ದ ಹೊಸತನವನ್ನು ಹೈದರಾಬಾದಿನ ಶಾಲಾ ಮೇಷ್ಟ್ರೊಬ್ಬರು ಆಗಲೇ ತಮ್ಮ ಹುಡುಗರಿಗೆ ತಿಳಿಸಿಕೊಡಲು ಹೊರಟಿದ್ದರು. ನಲವತ್ತು ದಾಟಿದ ಮೇಲೆ ತಾನು ಕಲಿತದ್ದು ಹಳತಾಯಿತೆಂದು ಒಪ್ಪಿಕೊಂಡು ಹೊಸ ಪಾಠ ಸಿದ್ಧಪಡಿಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಪಠ್ಯಪುಸ್ತಕ ಬದಲಾದ ವರ್ಷ ಹಳೆಯ ಟಿಪ್ಪಣಿಯನ್ನೇ ಓದಿಸಿದ ಮೇಷ್ಟ್ರುಗಳನ್ನು ಕಂಡಿದ್ದೇನೆ. ಒಮ್ಮೆ ನಾನೂ ಹಾಗೆ ಮಾಡಿದ್ದೇನೆ.

1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಯಕ ಸಮರ್ ಬ್ಯಾನರ್ಜಿ. ಹಂಗೆರಿ ಹಿಂದೆ ಸರಿದದ್ದರಿಂದ ಮೊದಲ ಸುತ್ತು ಆಡದೆಯೇ ದಾಟಿತು. ಮುಂದಿನ ಸುತ್ತಿನಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿದರು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ ಮೊದಲ ಏಷ್ಯನ್ನರು ಅವರು. ಉಪಾಂತ್ಯ ಪಂದ್ಯದಲ್ಲಿ ಎದುರಿಗೆ ಬಂದದ್ದು ಯಾರು? ಮತ್ತೆ ಅದೇ ಯುಗೊಸ್ಲಾವಿಯ. ಮೊದಲ ಗೋಲು ನಮ್ಮದು! ನೆವಿಲ್ ಡಿಸೋಜರದು. ಕೊನೆಗೆ 1-4ರಿಂದ ಸೋತೆವು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಕ್ಕೂ ಸೋತು ನಾಲ್ಕನೆಯ ಸ್ಥಾನಕ್ಕೆ ನಿಂತೆವು. ಈ ನಾಲ್ಕನೆಯ ಸ್ಥಾನವನ್ನು ಅತಿಯಾಗಿ ಕೊಂಡಾಡುವವರನ್ನು ಕಂಡರೆ ನನಗೆ ಸ್ವಲ್ಪ ಮುಜುಗರ. ಗೆದ್ದದ್ದು ಒಂದೇ ಪಂದ್ಯ, ಮತ್ತು 1956ರ ಯುಗೊಸ್ಲಾವ್ ತಂಡದಲ್ಲಿದ್ದವರು 1952ರವರೇ ಅಲ್ಲ. ಆದರೂ ಅದೇ ದೇಶ ಎರಡೂ ಸಲ ಬೆಳ್ಳಿ ಗೆದ್ದ ದೇಶ. ಅದರ ಎದುರು ನಾಲ್ಕು ವರ್ಷದಲ್ಲಿ ಹತ್ತರಿಂದ ನಾಲ್ಕಕ್ಕೆ ಇಳಿಯುವುದೆಂದರೆ ಪ್ರಗತಿ ಪತ್ರಿಕೆಯಲ್ಲಿ ಕೆಂಪು ಶಾಯಿಯಿಂದ ನೀಲಿ ಶಾಯಿಗೆ ಬಂದಂತೆ.

1960ರ ರೋಮ್ ಒಲಿಂಪಿಕ್ಸಿನಲ್ಲಿ ಪುನಃ ಕೆಳಗಿಳಿದೆವು. ಹಂಗೆರಿಗೆ 1-2, ಫ್ರಾನ್ಸಿನೊಡನೆ 1-1, ಪೆರುವಿಗೆ 1-3. ಗುಂಪಿನಲ್ಲಿ ಕೊನೆಯ ಸ್ಥಾನ. ಪಟ್ಟಿಯನ್ನು ಮಾತ್ರ ನೋಡಿದವನು ಇದು ಮೆಲ್ಬರ್ನಿಗಿಂತ ಕೆಟ್ಟ ಫಲಿತಾಂಶ ಎನ್ನುತ್ತಾನೆ. ಆಟವನ್ನು ನೋಡಿದವನು ಹಂಗೆರಿಯಂಥವರ ಎದುರು ಒಂದೇ ಗೋಲಿನ ಅಂತರ, ಫ್ರಾನ್ಸಿನ ಎದುರು ಕೊನೆಯ ಹತ್ತು ನಿಮಿಷದವರೆಗೂ ಮುನ್ನಡೆ ಎಂಬುದನ್ನು ಗಮನಿಸುತ್ತಾನೆ. ಸೋಲುಗಳೆಲ್ಲ ಒಂದೇ ಜಾತಿಯವಲ್ಲ.

(2024ರಲ್ಲಿ ಬಂದ 'ಮೈದಾನ್' ಎಂಬ ಹಿಂದಿ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅಜಯ್ ದೇವಗನ್ ರಹೀಮರ ಪಾತ್ರ ಮಾಡಿದ್ದಾರೆ. ಚಿತ್ರ ಚೆನ್ನಾಗಿದೆ, ಆದರೆ ಅದರ ಸಭೆಗಳನ್ನೂ ಸಂಚುಗಳನ್ನೂ ಇತಿಹಾಸವೆಂದು ಉತ್ತರಪತ್ರಿಕೆಯಲ್ಲಿ ಬರೆದರೆ ನಾನು ಅಂಕ ಕೊಡಲಾರೆ.)

ಆಮೇಲೆ 1962ರ ಜಕಾರ್ತ. ನನಗಾಗ ಹದಿಮೂರು ವರ್ಷ. ಈ ಆಟಗಳ ವಿವರವೊಂದೂ ನಮ್ಮ ಹಳ್ಳಿಗೆ ತಲುಪಲಿಲ್ಲ, ಎಲ್ಲವೂ ಆಮೇಲೆ ಓದಿ ತಿಳಿದದ್ದು. ಏಷ್ಯನ್ ಕ್ರೀಡಾಕೂಟದ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಕ್ಕೆ 0-2ರಿಂದ ಸೋತೆವು. ಅನಂತರ ಥಾಯ್ಲೆಂಡನ್ನು 4-1ರಿಂದ, ಜಪಾನನ್ನು 2-0ಯಿಂದ ಸೋಲಿಸಿದರೂ ತಂಡ ಜರ್ಜರಿತವಾಗಿತ್ತು. ರಕ್ಷಕ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಮಲಗಿದ್ದರು. ಇದೆಲ್ಲ ಸಾಲದೆಂಬಂತೆ, ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಇಂಡೊನೇಷ್ಯ ಹೊರಗಿಟ್ಟದ್ದನ್ನು ಭಾರತದ ಜಿ.ಡಿ. ಸೋಂಧಿಯವರು ಆಕ್ಷೇಪಿಸಿದ್ದರಿಂದ ಜಕಾರ್ತದ ಜನ ನಮ್ಮ ಮೇಲೆ ಕೆರಳಿದ್ದರು. ನಮ್ಮ ರಾಯಭಾರ ಕಚೇರಿಯ ಮೇಲೆ ದಾಳಿಯಾಯಿತು. ಆಟಗಾರರು ಬೀದಿಗಿಳಿಯಲು ಹೆದರುವ ಸ್ಥಿತಿ.

ರಹೀಮರು ಮಾಡಿದ್ದನ್ನು ನೋಡಿ. ತಲೆಗೆ ಹೊಲಿಗೆ ಹಾಕಿಸಿಕೊಂಡ ರಕ್ಷಕ ಜರ್ನೈಲರನ್ನು ಕೂರಿಸಲಿಲ್ಲ, ಮುಂದಕ್ಕೆ ತಂದು ಸೆಂಟರ್ ಫಾರ್ವರ್ಡ್ ಮಾಡಿದರು. ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಂ ಎದುರು 3-2ರ ಗೆಲುವಿನಲ್ಲಿ ನಾಯಕ ಚುನಿ ಗೋಸ್ವಾಮಿ ಎರಡು, ಜರ್ನೈಲ್ ಒಂದು ಗೋಲು ಹೊಡೆದರು. ಸೆಪ್ಟೆಂಬರ್ 4ರ ಅಂತಿಮ ಪಂದ್ಯಕ್ಕೆ ಜ್ವರದಿಂದ ಎದ್ದ ತಂಗರಾಜರನ್ನು ಗೋಲಿನಲ್ಲಿ ನಿಲ್ಲಿಸಿದರು. ಎದುರಿಗೆ ಮೊದಲ ದಿನ ನಮ್ಮನ್ನು ಸೋಲಿಸಿದ ಅದೇ ಕೊರಿಯ; ಸುತ್ತಲೂ ನಮ್ಮ ಸೋಲಿಗಾಗಿ ಕೂಗುವ ಲಕ್ಷ ಜನ. ಪಾಕಿಸ್ತಾನದ ಹಾಕಿ ಆಟಗಾರರು ನಮ್ಮ ಪರವಾಗಿ ಕೂಗಿದರೆಂದು ಅಂದು ಅಲ್ಲಿದ್ದವರು ನೆನೆಯುತ್ತಾರೆ. ಹದಿನೇಳನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ, ಇಪ್ಪತ್ತನೆಯ ನಿಮಿಷದಲ್ಲಿ ಅದೇ ಜರ್ನೈಲ್ ಸಿಂಗ್. ಕೊರಿಯ ಒಂದನ್ನು ತೀರಿಸಿತು. 2-1. ಚಿನ್ನ.

ರಹೀಮರಿಗಾಗ ಶ್ವಾಸಕೋಶದ ಕ್ಯಾನ್ಸರ್. 1963ರ ಜೂನ್ 11ರಂದು ತೀರಿಕೊಂಡರು, ಐವತ್ತಮೂರು ವರ್ಷಕ್ಕೆ.

ಇದಾದ ಮೇಲಿನ ಸಂಗತಿಯೊಂದನ್ನು ಗಮನಿಸಬೇಕು. ಬ್ರಿಟನ್ನಿನ ಹ್ಯಾರಿ ರೈಟ್ ತರಬೇತುದಾರರಾಗಿ ಬಂದರು. 1964ರ ಏಷ್ಯಾ ಕಪ್ಪಿನಲ್ಲಿ ಭಾರತ ಎರಡನೆಯ ಸ್ಥಾನ ಗಳಿಸಿತು. ಹೊಸ ಕೋಚಿನ ಕೈಗುಣ ಎಂದು ಯಾರಾದರೂ ಹೇಳಬಹುದು. ಆದರೆ ಆ ಹೊಲವನ್ನು ಉತ್ತವರು ಯಾರು? ಒಬ್ಬ ನೆಟ್ಟದ್ದನ್ನು ಇನ್ನೊಬ್ಬ ಕೊಯ್ಯುವುದು ಆಟದಲ್ಲೂ ಶಾಲೆಯಲ್ಲೂ ನಡೆಯುವುದೇ. ಫಲಿತಾಂಶದ ಪಟ್ಟಿಯಲ್ಲಿ ಕೊಯ್ದವನ ಹೆಸರಷ್ಟೇ ಇರುತ್ತದೆ. 1970ರಲ್ಲಿ ಬ್ಯಾಂಕಾಕಿನಲ್ಲಿ ಬಂದ ಕಂಚೇ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ನಮ್ಮ ಕೊನೆಯ ಪದಕ.

ಹಾಗಾದರೆ ಕೋಚನ್ನು ಎಂದೂ ತೆಗೆಯಬಾರದೇ ಎಂದು ನನ್ನ ಶಿಷ್ಯ ಕೇಳಿಯಾನು. ಹಾಗಲ್ಲ. ಹಾಲೆಂಡಿನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ ಎಂಬವರು ಆ ದೇಶದ ಲೀಗಿನ ಹದಿನೆಂಟು ವರ್ಷಗಳ ಪಂದ್ಯಗಳನ್ನು ಪರಿಶೀಲಿಸಿ 2011ರಲ್ಲಿ ಒಂದು ಲೇಖನ ಪ್ರಕಟಿಸಿದರು. ಸೋಲುತ್ತಿದ್ದ ತಂಡಗಳು ಕೋಚನ್ನು ಬದಲಿಸಿದಾಗ ಚೇತರಿಸಿಕೊಂಡವು ನಿಜ. ಆದರೆ ಅಷ್ಟೇ ಸೋತಿದ್ದೂ ಕೋಚನ್ನು ಬದಲಿಸದ ತಂಡಗಳೂ ಅಷ್ಟೇ ಚೇತರಿಸಿಕೊಂಡವು ಎಂಬುದು ಅದರ ಸಾರ. ಇದನ್ನು ಓದಿದಾಗ ನನಗೆ ಕಿರುಪರೀಕ್ಷೆಗಳ ನೆನಪಾಯಿತು. ತನ್ನ ಯೋಗ್ಯತೆಗಿಂತ ತೀರಾ ಕಡಿಮೆ ಅಂಕ ತೆಗೆದ ಹುಡುಗ ಮುಂದಿನ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಮೇಲೇರುತ್ತಾನೆ, ನಾವು ಬೈದರೂ ಸರಿ, ಬೈಯದಿದ್ದರೂ ಸರಿ. ಬೈದ ಮೇಷ್ಟ್ರು ಮಾತ್ರ ಅದು ತನ್ನ ಬೈಗುಳದ ಫಲವೆಂದು ನಿವೃತ್ತಿಯಾಗುವವರೆಗೂ ನಂಬಿರುತ್ತಾನೆ.

ನಮ್ಮ ಬೆಂಗಳೂರು ಎಫ್‌.ಸಿ. ತಂಡದ ಉದಾಹರಣೆ ಎರಡೂ ಕಡೆಗೆ ಮಾತನಾಡುತ್ತದೆ. ಇಂಗ್ಲೆಂಡಿನ ಸೈಮನ್ ಗ್ರೇಸನ್ 2022ರಲ್ಲಿ ಬಂದು ಡ್ಯುರಾಂಡ್ ಕಪ್ ಗೆಲ್ಲಿಸಿದರು. ಬಳಿಕ ಲೀಗಿನಲ್ಲಿ ಸೋಲಿನ ಮೇಲೆ ಸೋಲು. ಕ್ಲಬ್ಬಿನವರು ತಾಳಿಕೊಂಡರು, ತಂಡ ಸತತ ಎಂಟು ಪಂದ್ಯ ಗೆದ್ದು 2023ರ ಮಾರ್ಚಿಯ ಅಂತಿಮ ಪಂದ್ಯ ತಲುಪಿ ಪೆನಾಲ್ಟಿಯಲ್ಲಷ್ಟೇ ಸೋತಿತು. ಅದೇ ವರ್ಷದ ಡಿಸೆಂಬರಿನಲ್ಲಿ, ತಂಡ ಪುನಃ ಕುಸಿದಾಗ, ಅದೇ ಗ್ರೇಸನ್ನರನ್ನು ಬೀಳ್ಕೊಟ್ಟರು. ಬಂದ ಜೆರಾರ್ಡ್ ಸರಗೋಸ ಆ ವರ್ಷ ಏನೂ ಮಾಡಲಾಗಲಿಲ್ಲ. ಮರುವರ್ಷ, 2025ರ ಏಪ್ರಿಲಿನಲ್ಲಿ, ತಂಡವನ್ನು ಅಂತಿಮ ಪಂದ್ಯಕ್ಕೆ ಒಯ್ದರು. ಅಂದರೆ 2022ರಲ್ಲಿ ಉಳಿಸಿಕೊಂಡದ್ದೂ ಸರಿ, 2023ರಲ್ಲಿ ಬಿಟ್ಟುಕೊಟ್ಟದ್ದೂ ಸರಿ ಎಂದು ನನ್ನ ಎಣಿಕೆ. ಹೊಸಬನಿಗೆ ಒಂದು ಪೂರ್ತಿ ವರ್ಷ ಕೊಟ್ಟದ್ದು ಅದಕ್ಕಿಂತಲೂ ಸರಿ.

ಭಾರತ ತಂಡದ್ದೇ ಇನ್ನೊಂದು ಉದಾಹರಣೆಯೂ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಸೇರಿದ್ದು. 2015ರಲ್ಲಿ ಸ್ಟೀಫನ್ ಕಾನ್‌ಸ್ಟಂಟೈನ್ ಎರಡನೆಯ ಸಲ ತರಬೇತುದಾರರಾಗಿ ಬಂದಾಗ ನಮ್ಮ ವಿಶ್ವ ಶ್ರೇಯಾಂಕ 170ರ ಆಚೆಗಿತ್ತು. ವಿಶ್ವಕಪ್ ಅರ್ಹತೆಯ ಎರಡನೆಯ ಸುತ್ತಿನ ಮೊದಲ ಐದು ಪಂದ್ಯಗಳನ್ನೂ ಸೋತರು. ಅದರಲ್ಲಿ ಗುವಾಮ್ ಎಂಬ ಪುಟ್ಟ ದ್ವೀಪಕ್ಕೆ ಸೋತದ್ದೂ ಒಂದು. ನಮ್ಮ ಒಂದು ತಾಲ್ಲೂಕಿನಷ್ಟು ಜನರಿಲ್ಲದ ನೆಲ ಅದು! ತೆಗೆಯಿರಿ ಎಂಬ ಕೂಗು ಎದ್ದಿತು. ತೆಗೆಯಲಿಲ್ಲ. 2017ರ ಜುಲೈ ಹೊತ್ತಿಗೆ ಶ್ರೇಯಾಂಕ 96ಕ್ಕೆ ಬಂತು. ಆ ಅಕ್ಟೋಬರ್ 11ರಂದು ಕಂಠೀರವದಲ್ಲಿ ಮಕಾವನ್ನು 4-1ರಿಂದ ಸೋಲಿಸಿ 2019ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದರು.

ಆದ್ದರಿಂದ ಶಿಷ್ಯನಿಗೆ ನನ್ನ ಉತ್ತರ ಇಷ್ಟು. ಎಷ್ಟು ಗೋಲು ತಿಂದರು ಎಂದು ಕೇಳಿ ಕೋಚನ್ನು ತೆಗೆಯಬಾರದು. ಸೋಲಿನ ಮಾರನೆಯ ದಿನ ಅವನೇನು ಮಾಡಿದ ಎಂದು ಕೇಳಬೇಕು. ತನ್ನ ಪಾಲಿನ ತಪ್ಪನ್ನು ಗುರುತಿಸಿದನೇ, ಪಾಠವನ್ನು ಬದಲಿಸಿದನೇ? ಹುಡುಗರು ಅವನ ಮಾತು ಕೇಳುತ್ತಿದ್ದಾರೆಯೇ? ಇವಕ್ಕೆಲ್ಲ ಇಲ್ಲವೆಂಬ ಉತ್ತರ ಬಂದರೆ ತೆಗೆಯಲಿ, ಸಂಕೋಚ ಬೇಡ; ಗೆದ್ದಿದ್ದಾಗಲೂ ತೆಗೆಯಬಹುದು. ಮತ್ತು ಅವನ ಕೈಯಲ್ಲಿಲ್ಲದ್ದನ್ನು, ಮೈದಾನ, ಅನ್ನ, ಎಳೆಯರ ಪಂದ್ಯಾವಳಿ, ಲೀಗಿನ ಕ್ರಮಬದ್ಧತೆ ಇವನ್ನೆಲ್ಲ ಕೊಡಬೇಕಾದವರು ಕೊಟ್ಟಿದ್ದಾರೆಯೇ ಎಂದೂ ಕೇಳಬೇಕು. ಖಾಲಿದ್ ಜಮೀಲರ ವಿಷಯದಲ್ಲಿ, ಮೂರು ತಿಂಗಳಿಗೆ ಈ ಪ್ರಶ್ನೆಗಳಿಗೆ ಉತ್ತರವೇ ಸಿಗುವುದಿಲ್ಲವಾದ್ದರಿಂದ, ತೆಗೆಯಬಾರದೆಂದೇ ಅವತ್ತು ನನ್ನ ಅಭಿಪ್ರಾಯ.

ಇದನ್ನು ಬರೆದು ಮುಗಿಸಿ ಮೊದಲು ಅವನಿಗೇ ಫೋನಿನಲ್ಲಿ ಓದಿ ಹೇಳಿದೆ. ಡ್ರಿಲ್ ಮೇಷ್ಟ್ರ ಭಾಗ ಬಂದಾಗ ಆ ಕಡೆಯಿಂದ ಸದ್ದೇ ಇಲ್ಲ. ಕರೆ ತುಂಡಾಯಿತೇನೋ ಎಂದುಕೊಂಡೆ. ನಾನು ಹೇಳಲು ಮರೆತದ್ದೊಂದಿದೆ: 1979ರ ಆ ಪಂದ್ಯದಲ್ಲಿ ಏಳು ಗೋಲು ಬಿಟ್ಟುಕೊಟ್ಟ ಗೋಲ್‌ಕೀಪರ್ ಇವನೇ. ಹಾಜರಿ ಪುಸ್ತಕದಲ್ಲಿ ಇವನ ಹೆಸರಿನ ಮುಂದೆ 'ಉ' ಎಷ್ಟು ಸಲ ಇತ್ತೆಂಬುದನ್ನು ನಾನು ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಆ ಪತ್ರ ಬರೆದದ್ದು ನೀವಾ ಸಾರ್?" ಎಂದ. ಹೌದಪ್ಪ ಎಂದೆ.

"ಆರೇ ಗೋಲು ಸಾರ್. ಏಳನೆಯದು ಆಫ್‌ಸೈಡು" ಎಂದ. "ಮೇಷ್ಟ್ರು ರೆಫರಿ ಹತ್ತಿರ ಹೋಗಿ ವಾದ ಮಾಡಿದ್ದರು. ಅದೊಂದನ್ನ ಸೇರಿಸಿ."

ಸೇರಿಸಿದ್ದೇನೆ.